ಬಿಳಿಗಿರಿಯಿಂದ ಎಪ್ಪತ್ತೇಳು ಮಲೆಯವರೆಗೆ: ಸೋಲಿಗರ ನಾಡಿನಲ್ಲಿ ನಾಲ್ಕು ದಿನ ತಿರುಗಾಡುವ ಬಗೆ

ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರ ಹತ್ತುವಷ್ಟರಲ್ಲಿ ಗಾಳಿಯ ವಾಸನೆಯೇ ಬದಲಾಗುತ್ತದೆ. ಕೆಳಗೆ ಯಳಂದೂರಿನ ಗದ್ದೆಗಳ ಕೆಸರು ವಾಸನೆ, ಆಮೇಲೆ ಕುರುಚಲು ಕಾಡಿನ ಒಣಹುಲ್ಲು, ಇನ್ನೂ ಮೇಲೆ ಹೋದರೆ ತೇವ ಹಿಡಿದ ತರಗೆಲೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ರಸ್ತೆಯಲ್ಲಿ ಮುಳ್ಳುಕಂಟಿಯ ಕಾಡಿನಿಂದ ಹಿಡಿದು ಶೋಲಾ ಕಾಡಿನವರೆಗೆ ಎಲ್ಲವನ್ನೂ ನೋಡಬಹುದು. ಆದರೆ ಬಹಳಷ್ಟು ಮಂದಿ ಈ ದಾರಿಯಲ್ಲಿ ಕಾರಿನ ಗಾಜು ಏರಿಸಿಕೊಂಡು ಹೋಗಿ, ರಂಗನಾಥನಿಗೆ ಕೈಮುಗಿದು, ಮಧ್ಯಾಹ್ನದ ಊಟಕ್ಕೆ ಕೊಳ್ಳೇಗಾಲಕ್ಕೆ ಇಳಿದುಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ಆಮೇಲೆ ಎಷ್ಟೋ ಸಲ ಹೋಗಿಬಂದ ಮೇಲೆ ನನಗೆ ಖಾತ್ರಿಯಾದದ್ದು ಒಂದೇ. ಈ ಬೆಟ್ಟಗಳಲ್ಲಿ ಹೆಸರಿಲ್ಲದ ಜಾಗ ಅಂತ ಇಲ್ಲ. ನಾವು ಬರೀ ಕಾಡು ಎಂದುಕೊಂಡು ದಾಟಿಹೋಗುವ ಪ್ರತಿ ತಿರುವಿಗೂ, ಬಂಡೆಗೂ, ಹಳ್ಳಕ್ಕೂ ಈ ಕಾಡಿನ ಆದಿವಾಸಿಗಳಾದ ಸೋಲಿಗರಲ್ಲಿ ಹೆಸರಿದೆ, ಅದಕ್ಕೊಂದು ದೇವರಿದೆ, ಆ ದೇವರನ್ನು ನೋಡಿಕೊಳ್ಳುವ ಕುಲವಿದೆ. ಇದು ಯಾರದೋ ಮನೆ. ಮನೆಗೆ ಹೋದ ನೆಂಟ ಹೇಗೆ ಬಾಗಿಲಲ್ಲಿ ನಿಂತು ಕರೆದು ಒಳಗೆ ಹೋಗುತ್ತಾನೋ ಹಾಗೆ ಹೋದರೆ ಮಾತ್ರ ಬೆಟ್ಟ ತೆರೆದುಕೊಳ್ಳುತ್ತದೆ. ಹಾಗೆ ಹೋಗುವುದು ಹೇಗೆ, ಯಾವ ಕ್ರಮದಲ್ಲಿ, ಯಾರನ್ನು ಕೇಳಿಕೊಂಡು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಬಿಳಿಗಿರಿರಂಗನ ಬೆಟ್ಟಕ್ಕೆ ಎರಡು ದಿನ, ಮಲೆ ಮಹದೇಶ್ವರ ಬೆಟ್ಟಕ್ಕೆ ಎರಡು ದಿನ ಇಟ್ಟುಕೊಳ್ಳಿ. ಮೂರು ದಿನಕ್ಕೆ ಇಳಿಸಲೇಬೇಕಾದರೆ ಮಾದಪ್ಪನ ಕಡೆಯ ಒಂದು ದಿನ ಬಿಡಿ, ಪೋಡಿನ, ಅಂದರೆ ಸೋಲಿಗರ ಊರಿನ, ದಿನವನ್ನು ಮಾತ್ರ ಬಿಡಬೇಡಿ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ

ಅಕ್ಟೋಬರ್‌ನಿಂದ ಜನವರಿಯವರೆಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆಯಿಂದ ಕಾಡು ಹಸಿರಾಗಿರುತ್ತದೆ, ಬೆಳಗಿನ ಮಂಜು ಗುಡಿಯ ಮೆಟ್ಟಿಲವರೆಗೂ ಬಂದು ಕೂತಿರುತ್ತದೆ, ನಡೆಯಲು ಆಯಾಸವಾಗುವುದಿಲ್ಲ. ಫೆಬ್ರವರಿ ಕಳೆದರೆ ಕಾಡು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ. ಆ ದಿನಗಳಲ್ಲಿ ಅರಣ್ಯ ಇಲಾಖೆ ಕಾಡಿನೊಳಗಿನ ನಡಿಗೆಗಳನ್ನು ನಿಲ್ಲಿಸುತ್ತದೆ, ಜೊತೆಗೆ ಉಣ್ಣೆ ಹುಳಗಳ ಕಾಟ. ಬೇಸಿಗೆಯಲ್ಲೇ ಹೋಗುವವರು ರಸ್ತೆ, ಗುಡಿ, ಪೋಡು ಇಷ್ಟಕ್ಕೆ ಲೆಕ್ಕ ಹಾಕಿಕೊಂಡು ಹೋಗಬೇಕು.

ಹಬ್ಬದ ಲೆಕ್ಕವೂ ಮುಖ್ಯ. ಬಿಳಿಗಿರಿಯಲ್ಲಿ ಸಂಕ್ರಾಂತಿಯ ಮಾರನೇ ದಿನ ಚಿಕ್ಕ ಜಾತ್ರೆ, ವೈಶಾಖದಲ್ಲಿ ದೊಡ್ಡ ಜಾತ್ರೆ. ರಾಗಿ ಕೊಯ್ಲು ಮುಗಿದ ಮೇಲೆ ಸೋಲಿಗರು ರೊಟ್ಟಿ ಹಬ್ಬ ಮಾಡುತ್ತಾರೆ. ಹೊಸ ರಾಗಿಯ ರೊಟ್ಟಿ ತಟ್ಟಿ, ಕುಂಬಳಕಾಯಿ ಪಲ್ಯ ಮಾಡಿ, ದೇವರಿಗೆ ಎಡೆಯಿಟ್ಟು, ರಾತ್ರಿಯಿಡೀ ‘ಗೊರುಕೊ ಗೊರುಕಾನ’ ಎಂದು ಹಾಡಿ ಕುಣಿಯುತ್ತಾರೆ. ಅದು ಪ್ರವಾಸಿಗರಿಗಾಗಿ ಇಟ್ಟುಕೊಂಡ ಕಾರ್ಯಕ್ರಮವಲ್ಲ. ಕರೆದರೆ ಮಾತ್ರ ಹೋಗಿ. ಮಾದಪ್ಪನ ಬೆಟ್ಟದಲ್ಲಿ ಯುಗಾದಿ, ಶಿವರಾತ್ರಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಈ ನಾಲ್ಕು ದೊಡ್ಡ ಜಾತ್ರೆಗಳು. ಮಾಮೂಲಿ ಅಮಾವಾಸ್ಯೆಗೂ ಜನ ಕಿಕ್ಕಿರಿಯುತ್ತಾರೆ. ಜನಪದವನ್ನು ಅದರ ಬಿಸಿಯಲ್ಲೇ ನೋಡಬೇಕೆಂದರೆ ಆ ದಿನಗಳಿಗೇ ಹೋಗಿ, ಉಳಿಯುವ ಕೋಣೆಯ ಆಸೆ ಬಿಡಿ. ಕೂತು ಮಾತಾಡುವ ಮನಸ್ಸಿದ್ದರೆ ವಾರದ ನಡುವಿನ ದಿನ ನೋಡಿಕೊಳ್ಳಿ, ಅಮಾವಾಸ್ಯೆಯ ಹಿಂದುಮುಂದು ಬೇಡ.

ಅನುಮತಿ, ಗೇಟು, ವಾಹನ, ಕೋಣೆ

ಬಿಳಿಗಿರಿ 1974ರಲ್ಲಿ ವನ್ಯಧಾಮವಾಯಿತು, 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದದ್ದು 2013ರಲ್ಲಿ. ಅಂದರೆ ನೀವು ಓಡಾಡುವ ಬಹುಪಾಲು ಜಾಗದಲ್ಲಿ ಡಾಂಬರು ಬಿಟ್ಟು ಕೆಳಗಿಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಚಾರಣಕ್ಕೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ನೋಡಿ. ಅಲ್ಲಿ ಯಾವ ದಾರಿ ತೆರೆದಿದೆಯೋ ಅದಕ್ಕೆ ಮಾತ್ರ ಕಾಸು ಕಟ್ಟಿ ಚೀಟಿ ಪಡೆಯಿರಿ. ‘ನನಗೆ ಗಾರ್ಡ್ ಪರಿಚಯ, ಕರೆದುಕೊಂಡು ಹೋಗ್ತೀನಿ ಬನ್ನಿ’ ಎನ್ನುವವರ ಹಿಂದೆ ಹೋಗಬೇಡಿ. ಸಿಕ್ಕಿಬಿದ್ದರೆ ನಿಮಗೆ ದಂಡ ಅಷ್ಟೇ, ಆ ಹುಡುಗನಿಗೆ ಕೆಲಸವೇ ಹೋಗುತ್ತದೆ.

ಬೆಟ್ಟಕ್ಕೆ ಎರಡು ದಾರಿ. ಯಳಂದೂರಿನ ಕಡೆಯಿಂದ ಗುಂಬಳ್ಳಿ ಮೇಲೆ ಹತ್ತುವುದು ಒಂದು, ಚಾಮರಾಜನಗರದ ಕಡೆಯಿಂದ ಕ್ಯಾತದೇವರಗುಡಿ ಮೇಲೆ ಬರುವುದು ಇನ್ನೊಂದು. ಎರಡನೆಯದು ನಟ್ಟಕಾಡಿನ ದಾರಿ, ಚೆಂದವೂ ಹೌದು, ಬಿಗಿಯೂ ಹೌದು. ಬೈಕಿನಲ್ಲಿ ಹೋಗುವವರು ಯಳಂದೂರಿನ ದಾರಿಯನ್ನೇ ಹಿಡಿಯಿರಿ. ಸಂಜೆಯಾದರೆ ಎರಡೂ ಕಡೆ ಗೇಟು ಹಾಕುತ್ತಾರೆ. ಒಂದು ಸಲ ದಾರಿಯಲ್ಲಿ ಟೀಗೆ ನಿಂತು ಹೊತ್ತು ಕಳೆದು, ಗೇಟು ಹಾಕಿದ ಮೇಲೆ ಬಂದು, ವಯಸ್ಸಾದ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ವಾಪಸು ಹೋಗಬೇಕಾಯಿತು. ಅಂದಿನಿಂದ ನಾಲ್ಕು ಗಂಟೆಯೊಳಗೆ ಗುಂಬಳ್ಳಿ ದಾಟುವುದೆಂದು ನಿಯಮ ಮಾಡಿಕೊಂಡಿದ್ದೇನೆ. ನೀವೂ ಮಾಡಿಕೊಳ್ಳಿ.

ಬಸ್ಸಿನಲ್ಲಿ ಹೋಗುವುದು ಕಷ್ಟವೇನಲ್ಲ. ಮೈಸೂರಿನಿಂದ ಚಾಮರಾಜನಗರದವರೆಗೆ ರೈಲಿದೆ. ಯಳಂದೂರು, ಚಾಮರಾಜನಗರಗಳಿಂದ ಬೆಟ್ಟಕ್ಕೆ ಸರ್ಕಾರಿ ಬಸ್ಸಿದೆ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಬಸ್ಸು ಹೇರಳ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಗುಂಪುಗಳು ಹಾಡು ಹೇಳಿಕೊಂಡು ಹೋಗುವ ಬಸ್ಸುಗಳೇ ಒಂದು ಜಾತ್ರೆ. ನನ್ನ ಕೇಳಿದರೆ ಕಾರಿಗಿಂತ ಆ ಬಸ್ಸೇ ಮೇಲು.

ಉಳಿಯಲು ಕ್ಯಾತದೇವರಗುಡಿಯಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರವಿದೆ, ಸಫಾರಿಯೂ ಅಲ್ಲಿಂದಲೇ. ಬೆಲೆ ಜಾಸ್ತಿ. ಗುಡಿಯ ಸುತ್ತಮುತ್ತ ಸಾಧಾರಣ ವಸತಿಗಳಿವೆ. ಮಾದಪ್ಪನ ಬೆಟ್ಟದಲ್ಲಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕೋಣೆಗಳು ಸಿಗುತ್ತವೆ, ದಾಸೋಹದಲ್ಲಿ ಊಟ. ಬೆಟ್ಟ ಹತ್ತುವ ಮೊದಲು ಎಣ್ಣೆ ತುಂಬಿಸಿ, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಎಷ್ಟೋ ತಿರುವುಗಳಲ್ಲಿ ಮೊಬೈಲ್ ಸತ್ತಿರುತ್ತದೆ.

ಮೊದಲ ದಿನ: ಕೆಳಗಿನ ಊರುಗಳ ಇತಿಹಾಸ

ಬೆಟ್ಟ ಹತ್ತುವ ಆತುರದಲ್ಲಿ ಯಳಂದೂರನ್ನು ದಾಟಿಬಿಡಬೇಡಿ. ಊರಿನಲ್ಲಿರುವ ಗೌರೀಶ್ವರ ಗುಡಿಯನ್ನು ಹದಿನಾಡಿನ ಪಾಳೆಯಗಾರರು ಕಟ್ಟಿಸಿದರು. ಅದರ ಮುಂದಿರುವುದು ಬಳೆ ಮಂಟಪ. ಮೂಲೆಗಳಲ್ಲಿ ಕಲ್ಲಿನ ಸರಪಳಿ ಇಳಿಬಿದ್ದಿದೆ. ಒಂದೊಂದು ಬಳೆಯನ್ನು ಬೇರೆ ಕೊರೆದು ಪೋಣಿಸಿದ್ದಲ್ಲ, ಒಂದೇ ಕಲ್ಲಿನಲ್ಲಿ ಕೊಂಡಿಗೆ ಕೊಂಡಿ ಬಿಡಿಸಿ ತೆಗೆದದ್ದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋದರೆ ಗೋಡೆಯ ಶಿಲ್ಪಗಳ ಮೇಲೆ ಓರೆ ಬಿಸಿಲು ಬಿದ್ದು ಚೆನ್ನಾಗಿ ಕಾಣುತ್ತವೆ. ಕವಯಿತ್ರಿ ಸಂಚಿ ಹೊನ್ನಮ್ಮ ಇದೇ ಊರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣುಮಗಳು ಕನ್ನಡಕ್ಕೆ ಕವಿಯಾದಳು. 1807ರಲ್ಲಿ ಈ ಊರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು.

ಚಾಮರಾಜನಗರದ ಕಡೆಯಿಂದ ಬರುವವರು ಚಾಮರಾಜೇಶ್ವರ ಗುಡಿ ನೋಡಿಕೊಳ್ಳಿ. ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು ಹೆಸರು ಬದಲಿಸಿ, 1826ರಲ್ಲಿ ಈ ಗುಡಿ ಕಟ್ಟಿಸಿದರು. ಒಂದು ಗಂಟೆ ಸಾಕು.

ಮಧ್ಯಾಹ್ನ ಊಟ ಮುಗಿಸಿ ಹತ್ತಿ. ದಾರಿಯಲ್ಲಿ ಆನೆ ಅಡ್ಡ ಬಂದರೆ ದೂರದಲ್ಲೇ ಗಾಡಿ ನಿಲ್ಲಿಸಿ, ಹಾರನ್ ಹೊಡೆಯಬೇಡಿ, ಇಳಿಯಬೇಡಿ, ಅದು ದಾಟುವವರೆಗೆ ಕಾಯಿರಿ. ಮರಿ ಇದ್ದರೆ ಇನ್ನೂ ಹಿಂದಕ್ಕೆ ಸರಿಯಿರಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ.

ಸಂಜೆ ಗುಡಿಗೆ ಹೋಗಿ. ಬಿಳಿ ಬಂಡೆಯ ನೆತ್ತಿಯ ಮೇಲಿರುವುದರಿಂದಲೇ ಇದು ಬಿಳಿಗಿರಿ, ಸಂಸ್ಕೃತದವರಿಗೆ ಶ್ವೇತಾದ್ರಿ. ಬೇರೆಡೆ ಮಲಗಿರುವ ರಂಗನಾಥ ಇಲ್ಲಿ ನಿಂತಿದ್ದಾನೆ. ಬೆಟ್ಟದ ಒಡಲಿನ ಕತೆ ಮಾತ್ರ ಗರ್ಭಗುಡಿಯ ಹೊರಗಿದೆ. ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದ ಎನ್ನುತ್ತಾರೆ. ಅದಕ್ಕೇ ಸೋಲಿಗರಿಗೆ ಅವನು ಸ್ವಾಮಿಯಲ್ಲ, ಭಾವ. ‘ರಂಗ ಭಾವ’ ಎಂದೇ ಕರೆಯುತ್ತಾರೆ, ಹಾಡಿನಲ್ಲಿ ಛೇಡಿಸುತ್ತಾರೆ, ಬೈಯುತ್ತಾರೆ ಕೂಡ. ಗುಡಿಯಲ್ಲಿ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಕೇಳಿ ನೋಡಿ. ರಾತ್ರಿ ಕಾಡು ಸುತ್ತುವ ರಂಗನ ಚಪ್ಪಲಿ ಸವೆಯುತ್ತದೆಂದು ದಲಿತ ಕುಟುಂಬಗಳು ಹೊಸದು ಮಾಡಿ ತಂದು ಒಪ್ಪಿಸುವ ಪದ್ಧತಿ ಹಿಂದಿನಿಂದ ಬಂದಿದೆ. ಅದನ್ನು ಭಕ್ತರ ತಲೆಗೆ ಮುಟ್ಟಿಸುತ್ತಾರೆ. ವೈಷ್ಣವ ಆಗಮ, ಕಾಡಿನ ನೆಂಟಸ್ತಿಕೆ, ಚರ್ಮದ ಕೆಲಸದವರ ಕಾಣಿಕೆ ಮೂರೂ ಒಂದೇ ಹೊಸಿಲಲ್ಲಿ ಕೂಡುವುದನ್ನು ಅಲ್ಲಿ ನಿಂತು ನೋಡುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಎರಡನೇ ದಿನ: ಪೋಡಿಗೆ ಹೋಗುವುದು

ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಹಾಡಿ ಎನ್ನುವುದು ನಾಗರಹೊಳೆ ಕಡೆಯ ಮಾತು, ಇಲ್ಲಿ ಬಳಸಬೇಡಿ. ಯರಕನಗದ್ದೆ, ಹೊಸಪೋಡು, ಬಂಗ್ಲೆ ಪೋಡು, ಮುತ್ತುಗದಗದ್ದೆ, ಪುರಾಣಿ ಪೋಡು ಹೀಗೆ ಹೆಸರುಗಳು. ಕೆಲವು ರಸ್ತೆಬದಿಯಲ್ಲೇ ಇವೆ, ಕೆಲವು ನಟ್ಟಕಾಡಿನಲ್ಲಿ. ಹೊಸಬರು ರಸ್ತೆಬದಿಯವಕ್ಕೆ ಮಾತ್ರ, ಅದೂ ಹೇಳಿಕೇಳಿ ಹೋಗಬೇಕು.

ಹೇಳಿಕೇಳಿ ಹೋಗುವುದೆಂದರೆ ಹೀಗೆ. ಹಿಂದಿನ ಸಂಜೆಯೇ ನೀವು ಉಳಿದ ಕಡೆ, ಇಲ್ಲವೇ ಅಂಗಡಿಬೀದಿಯಲ್ಲಿ, ಪೋಡಿನವರು ಯಾರಾದರೂ ಜೊತೆ ಬರುತ್ತಾರಾ ವಿಚಾರಿಸಿ. ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಶುರುಮಾಡಿದ ಈ ಕೇಂದ್ರದ ಆಸ್ಪತ್ರೆ, ಶಾಲೆಗಳ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅಲ್ಲಿ ಕೇಳಿದರೂ ದಾರಿ ತೋರಿಸಿಯಾರು. ಜೊತೆಗೆ ಬರುವವರಿಗೆ ದಿನದ ಕೂಲಿಯನ್ನು ಮೊದಲೇ ಮಾತಾಡಿ, ಚೌಕಾಸಿ ಮಾಡದೆ ಕೊಡಿ. ಪೋಡಿನಲ್ಲಿ ಮೊದಲು ಯಜಮಾನರನ್ನು ಕಂಡು ನಮಸ್ಕಾರ ಹೇಳಿ, ಯಾಕೆ ಬಂದಿರಿ ಎನ್ನುವುದನ್ನು ನೇರವಾಗಿ ತಿಳಿಸಿ. ಸೋಲಿಗರ ಕುಲ ವ್ಯವಸ್ಥೆಯಲ್ಲಿ ಯಜಮಾನ, ಪಟ್ಟಗಾರ, ಚಲವಾದಿ ಎಂದು ಹೊಣೆಗಳಿವೆ. ಹಿರಿಯರನ್ನು ತಾತ, ಅವ್ವ, ಅಣ್ಣ ಎಂದು ಮಾತಾಡಿಸಿ. ಮಕ್ಕಳ ಕೈಗೆ ಚಾಕಲೇಟು, ಕಾಸು ಕೊಡಬೇಡಿ. ಫೋಟೋ ತೆಗೆಯುವ ಮೊದಲು ಕೇಳಿ, ದೇವರ ಜಾಗದಲ್ಲಿ ಕೇಳಲೇಬೇಡಿ, ಕ್ಯಾಮೆರಾ ಚೀಲದಲ್ಲೇ ಇರಲಿ.

ಮಾತಿಗೆ ತೊಡಕಿಲ್ಲ. ಸೋಲಿಗರ ನುಡಿ ಕನ್ನಡದ ಒಡಹುಟ್ಟು, ಎರಡು ಗಳಿಗೆಯಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಏನು ಕೇಳಬೇಕೆಂದು ತಿಳಿಯದಿದ್ದರೆ ಕಾಡಿನ ಹೆಸರುಗಳಿಂದ ಶುರುಮಾಡಿ. ನಮಗೆಲ್ಲ ಒಂದೇ ಆಗಿ ಕಾಣುವ ಕಾಡು ಅವರಿಗೆ ನಾಡುಕಾಡು, ಮಲೆಕಾಡು, ಕಾನುಕಾಡು, ಬೋಳಿ ಎಂದು ಬೇರೆ ಬೇರೆ. ಯಾವುದು ಯಾವುದೆಂದು ಕೈ ತೋರಿಸಿ ಕೇಳಿ. ಆಮೇಲೆ ಜೇನಿನ ಮಾತು ತೆಗೆಯಿರಿ. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ. ಒಂದೊಂದರ ಗೂಡು ಬೇರೆ, ಕೀಳುವ ಬಗೆ ಬೇರೆ, ತುಪ್ಪದ ರುಚಿಯೂ ಬೇರೆ.

ಒಂದು ಮಧ್ಯಾಹ್ನ ಜೇನು ಕೀಳುತ್ತಿದ್ದ ತಾತ ಒಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕೂತು ಹೆಜ್ಜೇನಿಗೆ ಹೊಗೆ ಹಾಕುವ ಪಂಜು ಕಟ್ಟಿ ತೋರಿಸಿದರು. ಒಳಗೆ ಒಣಕಡ್ಡಿ, ಸುತ್ತ ಹಸಿಸೊಪ್ಪು, ಮೇಲಿಂದ ಬಳ್ಳಿ ಬಿಗಿ. ಒಣಗಿದ್ದು ಜಾಸ್ತಿಯಾದರೆ ಉರಿ ಎದ್ದು ಹುಳ ಸುಡುತ್ತದೆ, ಹಸಿ ಜಾಸ್ತಿಯಾದರೆ ಕೆಂಡ ಆರುತ್ತದೆ. ಅವರ ಹೆಬ್ಬೆರಳು ಬಳ್ಳಿಯನ್ನು ಒತ್ತಿ ಒತ್ತಿ ಆ ಹದವನ್ನು ನೋಡುತ್ತಿತ್ತು. ಕತ್ತಲ ರಾತ್ರಿ, ಎತ್ತರದ ಮರ, ಕೆಳಗೆ ಜೊತೆಗಾರರು, ಮೇಲೆ ಹತ್ತಿದವನ ಬಾಯಲ್ಲಿ ಹಾಡು. ‘ಹಾಡು ಯಾಕೆ ತಾತ?’ ಅಂದೆ. ‘ಕಳ್ಳ ಸುಮ್ಕೆ ಹತ್ತಾನೆ ಸಾ. ನೆಂಟ ಹೇಳ್ಕಂಡ್ ಹತ್ತಾನೆ’ ಅಂದರು. ಜೇನಿನ ರೊಟ್ಟನ್ನು ಪೂರ್ತಿ ಕಿತ್ತುಕೊಳ್ಳದೆ ಹುಳಕ್ಕೂ ಮರಿಗಳಿಗೂ ಒಂದು ಪಾಲು ಬಿಡುತ್ತಾರೆ.

ಅದೇ ದಿನ ಅವರ ಮಗನೊಂದಿಗೆ ಪೋಡಿನ ಅಂಚಿನ ಕಾಲುದಾರಿಯಲ್ಲಿ ನಡೆಯುವಾಗ ಅವನು ಥಟ್ಟನೆ ನಿಂತು, ಪಕ್ಕದ ಗಿಡದಿಂದ ಎರಡೆಲೆ ಕಿತ್ತು ಒಂದು ಮರದ ಬುಡದಲ್ಲಿಟ್ಟ. ನೋಡಿದರೆ ಅಲ್ಲಿ ಮೊಣಕಾಲೆತ್ತರವೂ ಇಲ್ಲದ ಒಂದು ಕಲ್ಲು, ಪಾಚಿ ಕಟ್ಟಿದ್ದು. ಸುತ್ತ ಹಿಂದಿನವರು ಇಟ್ಟುಹೋದ ಸೊಪ್ಪು ಒಣಗಿ ಗುಡ್ಡೆಯಾಗಿತ್ತು. ನಾನೊಬ್ಬನೇ ಬಂದಿದ್ದರೆ ಅದರ ಮೇಲೇ ಕಾಲಿಟ್ಟು ಹೋಗುತ್ತಿದ್ದೆ. ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಹೀಗೆ ದೇವರ ಜಾಗಗಳಲ್ಲಿ ಬಗೆಗಳಿವೆ, ಒಂದೊಂದು ಕುಲದ ಎಲ್ಲೆಗೂ ಅದರದೇ ಜಾಗಗಳಿವೆ. ಜೊತೆಗೊಬ್ಬ ಸೋಲಿಗರು ಇರಲೇಬೇಕೆಂದು ನಾನು ಒತ್ತಿ ಹೇಳುವುದು ಆನೆಯ ಭಯಕ್ಕಷ್ಟೇ ಅಲ್ಲ.

ಈ ಜನರ ಇತ್ತೀಚಿನ ಚರಿತ್ರೆಯನ್ನೂ ತಿಳಿದುಕೊಂಡು ಹೋಗಿ. 1970ರ ದಶಕದಲ್ಲಿ ವನ್ಯಧಾಮವಾದಾಗ ಕಾಡಿನೊಳಗಿದ್ದವರನ್ನು ರಸ್ತೆಬದಿಗೆ ತಂದು ಕೂರಿಸಿದರು, ಜಾಗ ಬದಲಿಸುತ್ತ ಮಾಡುತ್ತಿದ್ದ ರಾಗಿ ಬೇಸಾಯ ನಿಂತಿತು, ಬೇಟೆ ನಿಂತಿತು. ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುವ ಹಳೆಯ ಪದ್ಧತಿಯನ್ನೂ ತಡೆದರು. ಆ ಬೆಂಕಿ ನಿಂತದ್ದರಿಂದಲೇ ಲಂಟಾನ ಕಳೆ ಕಾಡನ್ನೆಲ್ಲ ನುಂಗಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು ಎಂದು ಹಿರಿಯರು ಹೇಳುತ್ತಾರೆ. ರಸ್ತೆಯ ಎರಡೂ ಬದಿ ಒತ್ತಾಗಿ ನಿಂತ ಲಂಟಾನ ನೋಡಿದರೆ ಆ ಮಾತನ್ನು ತಳ್ಳಿಹಾಕಲಾಗುವುದಿಲ್ಲ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು, 2011ರ ಅಕ್ಟೋಬರಿನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟ್ರಂಕಿನಲ್ಲಿ ಕಾಪಾಡಿಕೊಂಡವರಿದ್ದಾರೆ. ಅವರ ಮುಂದೆ ಕೂತು ‘ಕಾಡು ಬಿಟ್ಟು ಪಟ್ಟಣಕ್ಕೆ ಯಾಕೆ ಬರಬಾರದು’ ಎಂದು ಕೇಳುವವರನ್ನು ಕಂಡಿದ್ದೇನೆ. ಆ ಪ್ರಶ್ನೆ ದಯವಿಟ್ಟು ಬೇಡ.

ಕೊಳ್ಳುವುದಿದ್ದರೆ ಜೇನುತುಪ್ಪ, ನೆಲ್ಲಿಕಾಯಿ, ಸೀಗೆಕಾಯಿಯನ್ನು ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ಕೊಳ್ಳಿ. ಸೋಲಿಗರು ತಮ್ಮ ಹಿತ್ತಿಲಲ್ಲೇ ಮರದ ನೆರಳಲ್ಲಿ ಕಾಫಿ, ಮೆಣಸು ಬೆಳೆಯುತ್ತಾರೆ, ಅದನ್ನೂ ಕೇಳಿ ತನ್ನಿ. ರಸ್ತೆಬದಿಯಲ್ಲಿ ಬಾಟಲಿಗೆ ಬಗ್ಗಿಸಿ ಮಾರುವ ‘ಕಾಡು ಜೇನು’ ಎಲ್ಲಿಂದ ಬಂದದ್ದೋ ಹೇಳಲಾಗುವುದಿಲ್ಲ.

ದೊಡ್ಡ ಸಂಪಿಗೆಯ ಮಾತು ಎಲ್ಲರೂ ಕೇಳುತ್ತಾರೆ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ಆ ಮುದಿ ಸಂಪಿಗೆ ಸೋಲಿಗರ ದೊಡ್ಡ ದೇವರು. ಬುಡದಲ್ಲಿ ಸಾಲುಸಾಲು ಲಿಂಗಗಳು, ಹತ್ತು ಜನ ಕೈಕೈ ಹಿಡಿದರೂ ತಬ್ಬುವುದು ಕಷ್ಟ ಎನ್ನುವಂಥ ಬೊಡ್ಡೆ. ಆದರೆ ಅದಿರುವುದು ಕಾಡಿನ ಒಳಭಾಗದಲ್ಲಿ. ಇಲಾಖೆಯ ಅನುಮತಿ ಸಿಕ್ಕರೆ ಹೋಗಿ, ಚಪ್ಪಲಿ ದೂರದಲ್ಲೇ ಬಿಟ್ಟು ಹತ್ತಿರ ಹೋಗಿ. ಸಿಗದಿದ್ದರೆ ಬೇಜಾರು ಬೇಡ, ಅದು ಸೋಲಿಗರ ಪೂಜೆಯ ಜಾಗ, ನಾವು ನೋಡಲೇಬೇಕೆಂಬ ಹಟ ಸಲ್ಲದು.

ಮೂರನೇ ದಿನ: ಮಾದಪ್ಪನ ಕಡೆಗೆ

ಬೆಳಿಗ್ಗೆ ಗೇಟು ತೆಗೆಯುತ್ತಿದ್ದಂತೆ ಇಳಿಯಿರಿ. ಯಳಂದೂರು, ಕೊಳ್ಳೇಗಾಲ, ಹನೂರು, ತಾಳಬೆಟ್ಟ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬಿಡುವಿದ್ದವರು ಹನೂರಿನ ಆಸುಪಾಸಿನ ಒಡೆಯರಪಾಳ್ಯದ ಟಿಬೆಟನ್ ಶಿಬಿರಕ್ಕೆ ಒಂದು ಸುತ್ತು ಹಾಕಿಬರಬಹುದು. ತಾಳಬೆಟ್ಟದಿಂದ ತಿರುವುಗಳ ಘಾಟಿ ಶುರು. ಕಾಲ್ನಡಿಗೆಯ ಭಕ್ತರು ಇಲ್ಲಿಂದಲೇ ಹತ್ತುತ್ತಾರೆ. ವಾಹನದವರು ತಿರುವಿನಲ್ಲಿ ನಿಧಾನಿಸಿ, ಮೇಲೆ ಬರುವ ಬಸ್ಸಿಗೆ ದಾರಿ ಬಿಡಿ.

ಈ ದಾರಿಯ ಒಂದೆರಡು ಗಂಟೆಯಲ್ಲಿ ಜೊತೆಯವರಿಗೆ ಮಾದಪ್ಪನ ಕತೆ ಹೇಳಿ. ಕತೆ ಗೊತ್ತಿಲ್ಲದೆ ಈ ಬೆಟ್ಟ ನೋಡಿದರೆ ದೊಡ್ಡ ಗುಡಿ, ಉದ್ದನೆಯ ಸಾಲು, ಲಾಡು ಅಷ್ಟೇ ಸಿಗುವುದು. ಹುಲಿ ಏರಿ ಎಪ್ಪತ್ತೇಳು ಮಲೆ ಆಳಿದ ಮಾದೇವ, ಶ್ರವಣಾಸುರನನ್ನು ಕೊಂದವನು, ಒಕ್ಕಲು ಹುಡುಕಿಕೊಂಡು ಊರೂರು ತಿರುಗಿದವನು. ಮಹಾಕಾವ್ಯವನ್ನು ಸಾಲುಗಳಾಗಿ ಹಾಡುತ್ತಾರೆ. ಅದರಲ್ಲಿ ಸಂಕಮ್ಮನ ಸಾಲು ಸೋಲಿಗರದು. ಕಾಡಿಗೆ ಹೊರಟ ಗಂಡ ನೀಲೇಗೌಡ, ನಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳು ತಪ್ಪು ಮಾಡುವವಳೆಂದಲ್ಲ, ಅನುಮಾನಕ್ಕೆ ಭಾಷೆ ಕೊಡಲಾರಳು. ಗಂಡನ ಹಿಂಸೆಯನ್ನೆಲ್ಲ ಉಂಡ ಅವಳಿಗೆ ಮಾದಪ್ಪ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಕರುಣಿಸುತ್ತಾನೆ. ಆ ಕಾರಯ್ಯನ ಕಡೆಯವರು ತಾವೆಂದು ಸೋಲಿಗರು ಹೇಳಿಕೊಳ್ಳುತ್ತಾರೆ. ಅಲ್ಲಿ ರಂಗನಿಗೆ ಭಾಮೈದರಾದವರು ಇಲ್ಲಿ ಮಾದಪ್ಪನಿಗೆ ಮಕ್ಕಳು. ಎರಡು ಬೆಟ್ಟವನ್ನೂ ಒಂದೇ ಪ್ರವಾಸದಲ್ಲಿ ನೋಡಿ ಎನ್ನುವುದು ಇದಕ್ಕೇ.

ಹಾಡುವವರು ಮಾದಪ್ಪನ ದೀಕ್ಷೆ ಪಡೆದ ದೇವರಗುಡ್ಡರು. ಕೈಯಲ್ಲಿ ಕಂಸಾಳೆ, ಕೊರಳಲ್ಲಿ ರುದ್ರಾಕ್ಷಿ. ಕಂಚಿನ ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಹುರಿಗೆ ಕಟ್ಟಿದ ಇನ್ನೊಂದು ತಾಳವನ್ನು ಬೀಸಿ ಬೀಸಿ ಹೊಡೆಯುತ್ತಾರೆ. ವೇದಿಕೆಯ ಮೇಲೆ ಬೀಸು ಕಂಸಾಳೆ ನೋಡಿದವರು ಇಲ್ಲಿ ಕೂತು ಹಾಡುವ ಕಂಸಾಳೆ ಕೇಳಬೇಕು. ಗುಡಿಯ ಸುತ್ತ ಹರಕೆ ತೀರಿಸುವವರು ಗುಡ್ಡರನ್ನು ಕೂರಿಸಿ ಹಾಡಿಸುತ್ತಿರುತ್ತಾರೆ. ಅಂಚಿನಲ್ಲಿ ಕೂತು ಕೇಳಬಹುದು, ಯಾರೂ ಬೇಡ ಎನ್ನುವುದಿಲ್ಲ. ನೀವೇ ಒಂದು ಸಾಲು ಹಾಡಿಸಬೇಕಾದರೆ ಹಿರಿಯ ಗುಡ್ಡರನ್ನು ಕೇಳಿ, ಕಾಣಿಕೆ ಎಷ್ಟೆಂದು ತಿಳಿದು, ಕನಿಷ್ಠ ಎರಡು ತಾಸು ಇಟ್ಟುಕೊಂಡು ಕೂರಿ. ಹತ್ತು ನಿಮಿಷ ಕೇಳಿ ಮೊಬೈಲಿಗೆ ತುಂಬಿಕೊಂಡು ಎದ್ದುಹೋಗುವುದು ಅವರ ಕಲೆಗೆ ಮಾಡುವ ಅವಮಾನ. ಸುತ್ತ ಕೂತವರು ‘ಉಘೇ’ ಎಂದಾಗ ನೀವೂ ಅನ್ನಿ.

ಗುಡಿಯ ಪೂಜೆ ಬೇಡಗಂಪಣ ಸಮುದಾಯದವರದು. ದೀಪಾವಳಿಗೆ ಹೋದರೆ ಹಾಲರವಿ ಉತ್ಸವ ತಪ್ಪಿಸಿಕೊಳ್ಳಬೇಡಿ. ಬೇಡಗಂಪಣರ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ಕಳಸ ಹೊತ್ತು ಬರುತ್ತಾರೆ. ದಿನವೂ ಸಂಜೆ ಹೊತ್ತು ಉತ್ಸವಗಳಿರುತ್ತವೆ. ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿಯ ಮೂರ್ತಿ 2023ರಲ್ಲಿ ಎದ್ದು ನಿಂತಿದೆ, ಅದನ್ನು ಯಾರೂ ತೋರಿಸಬೇಕಾಗಿಲ್ಲ. ಬೆಟ್ಟದ ಮೇಲೆ ಮಾಂಸ, ಮದ್ಯ ಒಯ್ಯಬೇಡಿ. ನಾಗಮಲೆಗೆ ನಡೆದು ಹೋಗುವ ಆಸೆಯಿದ್ದರೆ ಅನುಮತಿ ಮೊದಲೇ ನೋಡಿಕೊಂಡು, ಬೆಳಿಗ್ಗೆ ಬೇಗ ಹೊರಟು, ಒಂದು ಇಡೀ ದಿನ ಅದಕ್ಕೇ ಮೀಸಲಿಡಿ.

ನಾಲ್ಕನೇ ದಿನ: ಪಾಲಾರ್, ಗೋಪಿನಾಥಂ

ನಸುಕಿನಲ್ಲಿ ಗುಡಿಗೆ ಇನ್ನೊಮ್ಮೆ ಹೋಗಿಬಂದು, ತಿಂಡಿ ತಿಂದು ಪಾಲಾರ್ ಕಡೆ ಇಳಿಯಿರಿ. ಅಲ್ಲಿಂದ ಗೋಪಿನಾಥಂ. ಊರ ಹೆಸರು ಕೇಳಿದೊಡನೆ ಎಲ್ಲರಿಗೂ ವೀರಪ್ಪನ್ ನೆನಪಾಗುತ್ತಾನೆ, ಅವನು ಹುಟ್ಟಿದ ಊರೇ ಇದು. ಆದರೆ ಊರಿನವರು ನೆನೆಯುವ ಇನ್ನೊಂದು ಹೆಸರಿದೆ, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಜನರ ನಡುವೆ ಇದ್ದು ಆಸ್ಪತ್ರೆ, ಮನೆ, ಮಾರಿಯಮ್ಮನ ಗುಡಿ ಎಂದು ದುಡಿದವರು. ಶರಣಾಗುತ್ತೇನೆಂಬ ಮಾತು ನಂಬಿ ನಿರಾಯುಧರಾಗಿ ಹೋದ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದ. ಅವರಿಗೆ ಕೀರ್ತಿಚಕ್ರ ಬಂತು. ಗುಡಿಯಲ್ಲಿ ಅವರ ಪಟಕ್ಕೂ ಹೂವು ಮುಡಿಸುತ್ತಾರೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ಕಡೆಯವರು ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಆ ವರ್ಷಗಳಲ್ಲಿ ಒಂದು ಕಡೆ ವೀರಪ್ಪನ್, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆ, ನಡುವೆ ಸಿಕ್ಕಿ ನಲುಗಿದವರು ಈ ಮಲೆಗಳ ಬಡವರು, ಸೋಲಿಗರೂ ಸೇರಿ. ಇದನ್ನು ಮನಸ್ಸಲ್ಲಿಟ್ಟುಕೊಂಡು, ಊರಲ್ಲಿ ವೀರಪ್ಪನ್ ಕತೆ ಹೇಳಿ ಎಂದು ಸಿಕ್ಕಸಿಕ್ಕವರನ್ನು ಪೀಡಿಸಬೇಡಿ. ಅವರೇ ತೆಗೆದರೆ ಕೇಳಿಸಿಕೊಳ್ಳಿ. ಮಾರಿಯಮ್ಮನ ಗುಡಿಗೆ ಹೋಗಿ ಐದು ನಿಮಿಷ ಕೂತು ಬನ್ನಿ. ಉಳಿಯುವವರಿಗೆ ಗೋಪಿನಾಥಂನಲ್ಲೂ ಜಂಗಲ್ ಲಾಡ್ಜಸ್ ಶಿಬಿರವಿದೆ, ಊರಿನವರೇ ದಾರಿ ತೋರುತ್ತಾರೆ. ಸಮಯ ಮಿಕ್ಕರೆ ಹೊಗೆನಕಲ್ ಇದೇ ದಿಕ್ಕಿನಲ್ಲಿದೆ.

ಚೀಲದಲ್ಲಿ ಏನಿರಬೇಕು

ಮೈ ಮುಚ್ಚುವ ಮಾಸಲು ಬಣ್ಣದ ಬಟ್ಟೆ, ಉದ್ದ ಪ್ಯಾಂಟು, ಉದ್ದ ಕಾಲುಚೀಲ. ಉಣ್ಣೆ ಹುಳಕ್ಕೆ ಹೆದರಿ ಹೇಳುತ್ತಿದ್ದೇನೆ. ಸಂಜೆ ಕೋಣೆಗೆ ಬಂದೊಡನೆ ಮೈಯೆಲ್ಲ ನೋಡಿಕೊಂಡು ಬಿಸಿನೀರು ಹುಯ್ದುಕೊಳ್ಳಿ. ಮುಂದಿನ ವಾರ ಎರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಿ. ಡಿಸೆಂಬರ್, ಜನವರಿಯ ಬಿಳಿಗಿರಿಗೆ ಸ್ವೆಟರ್ ಬೇಕು. ಟಾರ್ಚು, ಸ್ಟೀಲಿನ ನೀರಿನ ಬಾಟಲಿ, ನಿತ್ಯದ ಮಾತ್ರೆಗಳು. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಮಾಡುತ್ತಾರೆ. ತಿಂಡಿಯನ್ನು ಡಬ್ಬಿಯಲ್ಲಿ ಒಯ್ದು, ಕಸವನ್ನು ವಾಪಸು ತನ್ನಿ. ಪೋಡಿಗೆ ಏನಾದರೂ ಒಯ್ಯಬೇಕೆನಿಸಿದರೆ ಹಳೆ ಬಟ್ಟೆ ಬೇಡ, ಹಿಂದಿನ ಸಲ ತೆಗೆದ ಫೋಟೋಗಳ ಪ್ರತಿಗಳನ್ನು ಒಯ್ಯಿರಿ. ಪಂಜು ಕಟ್ಟಿ ತೋರಿಸಿದ ಆ ತಾತನ ಮನೆಗೆ ಮರುವರ್ಷ ಹಾಗೆ ಒಂದು ಫೋಟೋ ಒಯ್ದಿದ್ದೆ. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಮೊದಲು ತಮ್ಮ ಮುಖವನ್ನಲ್ಲ, ಪಂಜಿನ ಕಟ್ಟನ್ನು ಬೆರಳಲ್ಲಿ ಮುಟ್ಟಿ, ‘ಇಲ್ಲಿ ಒಂದ್ ಸುತ್ತು ಸಡಿಲ ಆಗದೆ ನೋಡಿ’ ಅಂದರು.